ಮೇಜಿನ ಕೆಳಗಿನ ಜಾಗ

ಇದು ನಡೆದದ್ದು. ನನ್ನ ಎರಡು ಕಣ್ಣಾಣೆಗೂ ನಡೆದದ್ದು. ಮೂರನೆಯ ಕಣ್ಣೊಂದಿದ್ದರೆ ಅದನ್ನೂ ಮುಟ್ಟಿ ಹೇಳುತ್ತಿದ್ದೆ. ಒಂದು ಕೂದಲೆಳೆಯನ್ನೂ ಹೆಚ್ಚಿಗೆ ಸೇರಿಸಿಲ್ಲ. ಇದ್ದ ಕೂದಲನ್ನು ಸ್ವಲ್ಪ ಬಾಚಿದ್ದೇನೆ, ಅಷ್ಟೆ.

ಆ ದಿನ ಬೆಳಿಗ್ಗೆ ಕೋಡಂಗಿ ಹಳೆಯ ಸೋಪಿನ ಕಾರ್ಖಾನೆಯ ಉಗ್ರಾಣದಲ್ಲಿ ಕೂತು, ಖಾಲಿ ಡ್ರಮ್ಮೊಂದಕ್ಕೆ ಕನ್ನಡಿ ಒರಗಿಸಿ, ಮುಖಕ್ಕೆ ಬಿಳಿ ಬಳಿದುಕೊಳ್ಳುತ್ತಿದ್ದ. ಅರ್ಧ ಮುಖ ಮುಗಿಸಿದವನು ಅಲ್ಲಿಗೇ ನಿಲ್ಲಿಸಿ, ಬಳಿಯದ ಅರ್ಧವನ್ನು ನೋಡುತ್ತ ಕೂತುಬಿಟ್ಟಿದ್ದ. ಬಳಿದ ಅರ್ಧ ಎಂದಿನಂತೆ ನಗಲು ತಯಾರಾಗಿತ್ತು. ಬಳಿಯದ ಅರ್ಧ ಮಾತ್ರ, ಕದ್ದು ಸಿಕ್ಕಿಬಿದ್ದವನ ಹಾಗೆ, ಅವನ ಕಣ್ಣು ತಪ್ಪಿಸುತ್ತಿತ್ತು. ಗಡಿಯಾಚೆ ಯುದ್ಧ ಶುರುವಾದಾಗ ಮುಚ್ಚಿದ ಕಾರ್ಖಾನೆ ಅದು. ಯಂತ್ರಗಳನ್ನೆಲ್ಲ ಯಾರೋ ಬಿಚ್ಚಿಕೊಂಡು ಹೋಗಿದ್ದರು, ವಾಸನೆಯನ್ನು ಬಿಚ್ಚಿಕೊಂಡು ಹೋಗಲು ಯಾರಿಂದಲೂ ಆಗಿರಲಿಲ್ಲ. ಈಗ ಅಲ್ಲಿ ಯುದ್ಧದಿಂದ ಓಡಿಬಂದ ಮಕ್ಕಳು ಇದ್ದರು. ನಲ್ಲಿಯಲ್ಲಿ ನೀರು ಬಾರದ ದಿನವೂ ಆ ಮಕ್ಕಳು ಈಗಷ್ಟೇ ಮಿಂದು ಬಂದವರಂತೆ ಘಮಘಮ ಎನ್ನುತ್ತಿದ್ದರು. ಹತ್ತಿರ ಹೋಗಿ ಕಿವಿಯ ಹಿಂದೆ ನೋಡಿದರೆ ಮಾತ್ರ ನಿಜ ತಿಳಿಯುತ್ತಿತ್ತು. ಕೋಡಂಗಿಗೆ ಈಚೆಗೆ ಹಾಗೆ ಹತ್ತಿರ ಹೋಗಿ ನೋಡುವ ಯಾವುದೂ ಬೇಡವೆನಿಸಿತ್ತು.

ಅವನು ಬಂದದ್ದು ಶಾಂತಿ ತಂಡದ ವ್ಯಾನಿನಲ್ಲಿ. ವ್ಯಾನಿನ ಎರಡೂ ಬದಿಗೆ ಶಾಂತಿಯ ಪಾರಿವಾಳ ಬರೆಸಬೇಕೆಂದು ತಂಡ ನಡೆಸುವ ಮೇಡಂ ಆಸೆಪಟ್ಟಿದ್ದರು. ಬಣ್ಣದವನಿಗೆ ಬರುತ್ತಿದ್ದುದು ಕೋಳಿ. ಅವನು ಕೊಕ್ಕಿನಲ್ಲಿ ಒಂದು ಎಲೆ ಸಿಕ್ಕಿಸಿ ಪಾರಿವಾಳ ಅಂದ. ಮಕ್ಕಳು ನೋಡಿದ ಕೂಡಲೇ 'ಕೋಳಿಗಾಡಿ' ಅಂದರು, ಅದೇ ಹೆಸರು ನಿಂತಿತು. ಕೋಳಿಗಾಡಿ ಗಡಿಯುದ್ದಕ್ಕೂ ಶಿಬಿರದಿಂದ ಶಿಬಿರಕ್ಕೆ ಹೋಗುತ್ತಿತ್ತು. ಮೇಡಂ ಯುದ್ಧ ಕೆಟ್ಟದ್ದು ಅಂತ ಭಾಷಣ ಮಾಡುತ್ತಿದ್ದರು, ಗೊತ್ತಿಲ್ಲದವರಿಗೆ ಹೇಳುವ ಹಾಗೆ. ಕೋಡಂಗಿಯ ಹೆಂಡತಿಯ ತಮ್ಮ ಜಾದೂಗಾರ. ಅವನು ಮೊಟ್ಟೆ ಮಾಯ ಮಾಡುತ್ತಿದ್ದ. ಕೋಡಂಗಿ ಬೀಳುತ್ತಿದ್ದ. ಅವನ ಕಸುಬೇ ಬೀಳುವುದು. ಕುರ್ಚಿಯಿಂದ, ಏಣಿಯಿಂದ, ಏನೂ ಇಲ್ಲದ ಕಡೆ ಏನೋ ಎಡವಿದಂತೆ, ತನ್ನ ಪ್ಯಾಂಟಿನೊಳಗೇ ಕಾಲು ಸಿಕ್ಕಿಕೊಂಡು, ಬಗೆಬಗೆಯಾಗಿ ಬಿದ್ದು ಬಿದ್ದು ಅವನಿಗೆ ಹೊಟ್ಟೆ ಬಂದಿತ್ತು, ಮಂಡಿ ಸವೆದಿತ್ತು. ಆಟದ ಕೊನೆಗೆ ಎದ್ದು ನಿಂತು, ಎದೆ ಮುಟ್ಟಿಕೊಂಡು, 'ಮಕ್ಕಳೇ, ನಿಮಗೋಸ್ಕರ ಈ ಮಾಮ ಪ್ರಾಣ ಬೇಕಾದ್ರೂ ಕೊಡ್ತಾನೆ' ಅನ್ನುತ್ತಿದ್ದ. ಮೇಡಂ ಬರೆದುಕೊಟ್ಟ ಮಾತು. ಹೇಳಿ ಹೇಳಿ ಅವನ ಬಾಯಿಗೆ ಅದು ಎಷ್ಟು ಒಗ್ಗಿತ್ತೆಂದರೆ ಒಮ್ಮೆ ಮನೆಯಲ್ಲಿ ಊಟ ಮುಗಿಸಿ ಎದ್ದವನು ತಟ್ಟೆಯ ಮುಂದೆಯೇ ಹೇಳಿಬಿಟ್ಟಿದ್ದ. ಹೆಂಡತಿ, 'ಮೊದಲು ತಟ್ಟೆ ತೆಗೀರಿ, ಪ್ರಾಣ ಆಮೇಲೆ ಕೊಡೋರಂತೆ' ಅಂದಿದ್ದಳು.

ಹೋದ ವಾರವೂ ಇಲ್ಲಿಯೇ, ಈ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಆಟ ನಡೆದಿತ್ತು. ಕ್ಯಾಂಟೀನಿನ ನಡುವೆ ಒಂದು ಉದ್ದ ಮೇಜು, ಕಾಲುಗಳನ್ನು ಸಿಮೆಂಟಿನಲ್ಲಿ ಹೂತದ್ದು. ಕೆಳಗಿನ ಕೊಳವೆಗಳನ್ನು ಮುಚ್ಚಲು ಮೂರು ಬದಿಗೂ ತಗಡು ಬಡಿದಿದ್ದರು. ಒಂದು ತುದಿ ಮಾತ್ರ ಬಾಯಿ ತೆರೆದುಕೊಂಡು ಗುಹೆಯ ಹಾಗಿತ್ತು. ಜಾದೂಗಾರ ಆ ಮೇಜಿನ ಮೇಲೆ ಮೊಟ್ಟೆ ಮಾಯ ಮಾಡಿ ಮುಗಿಸಿದ್ದ, ಕೋಡಂಗಿ ಏಣಿ ಹೊತ್ತು ಬಂದು ಇನ್ನೇನು ಬೀಳಬೇಕು, ಅಷ್ಟರಲ್ಲಿ ಆ ಸದ್ದು. ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸಿದ ಸದ್ದು. ಕೋಡಂಗಿಯ ಊರಿನಲ್ಲಿ ಯುದ್ಧವೆಂದರೆ ಪತ್ರಿಕೆಯಲ್ಲಿ ಸುತ್ತಿಕೊಂಡು ಬರುವಂಥದ್ದು. ಅವನಿಗೆ ಬಾಂಬಿನ ಸದ್ದು ಗೊತ್ತಿರಲಿಲ್ಲ, ಗೊತ್ತಿರಲಿಲ್ಲವಾದ್ದರಿಂದ ಅದೇ ಇದು ಅಂತ ಖಾತ್ರಿಯಾಯಿತು. ಏಣಿ ಎಲ್ಲಿ ಬಿತ್ತೋ ಅವನಿಗೆ ನೆನಪಿಲ್ಲ. ಅವನ ಹೊಟ್ಟೆ, ಅವನ ಸವೆದ ಮಂಡಿ, ಅವನ ದೋಣಿಯಂಥ ಬೂಟು, ಎಲ್ಲವೂ ಅವನನ್ನು ಕೇಳದೆ ಮೇಜಿನ ಕೆಳಗೆ ನುಗ್ಗಿದವು. ಒಳಗೆ ಮೆತ್ತಗಿನದೇನೋ ಇತ್ತು. ಅದು ಜಾಗ ಹಿಡಿದಿತ್ತು. ಅವನು ಅದನ್ನು ಎರಡೂ ಕೈಯಿಂದ ಹಿಡಿದು ಹೊರಕ್ಕೆ ತಳ್ಳಿ, ಅದರ ಜಾಗದಲ್ಲಿ ತಲೆ ಹುದುಗಿಸಿದ.

ಆಮೇಲೆ ಇಡೀ ಕ್ಯಾಂಟೀನು ನಕ್ಕಿತು. ಮಕ್ಕಳು ಹೊಟ್ಟೆ ಹಿಡಿದುಕೊಂಡು, ಒಬ್ಬರ ಮೇಲೊಬ್ಬರು ಬಿದ್ದು, ಉಸಿರು ಸಿಗದೆ ನಕ್ಕರು. ಯಾಕೆಂದರೆ ಆ ಸದ್ದು ಗೋದಾಮಿನ ಷಟರಿನದು. ಕಾವಲುಗಾರನ ಕೈ ಜಾರಿ ಕೆಳಗೆ ಬಿದ್ದಿತ್ತು. ದಿನಾ ಬೀಳುತ್ತಿತ್ತು. ಬಾಂಬು ಯಾವುದು, ಷಟರ್ ಯಾವುದು ಅಂತ ಆ ಮಕ್ಕಳು ನಿದ್ದೆಗಣ್ಣಿನಲ್ಲೂ ಹೇಳಬಲ್ಲವರು. ಕೋಡಂಗಿ ಮೇಜಿನ ಕೆಳಗಿನಿಂದ ಇಣುಕಿದಾಗ ಎದುರಿಗೆ, ನೆಲದ ಮೇಲೆ, ಮಂಡಿ ತರಚಿಕೊಂಡು ಒಂದು ಹುಡುಗಿ ಕೂತಿತ್ತು. ಎಲ್ಲರೂ ಇಲಿಮರಿ ಅಂತ ಕರೆಯುವ ಹುಡುಗಿ. ಮಾಯವಾದ ಮೊಟ್ಟೆ ಮೇಜಿನ ಕೆಳಗೆ ಬರುತ್ತದೆಯೇ ನೋಡೋಣ ಅಂತ ಆಟ ಶುರುವಾಗುವ ಮೊದಲೇ ಒಳಗೆ ಸೇರಿಕೊಂಡಿತ್ತಂತೆ. ಎಲ್ಲರೂ ನಗುತ್ತಿದ್ದರು. ಅದೊಂದೇ ನಗದೆ ಅವನ ಮುಖವನ್ನು ನೋಡುತ್ತಿತ್ತು. ಅಂಥ ಹೊತ್ತಿನಲ್ಲಿ ಮನುಷ್ಯನಾದವನು ಏನು ಮಾಡಬೇಕು. ಅವನು ಎದ್ದು, ಮೈ ಕೊಡವಿ, ಬಾಗಿ ನಮಸ್ಕರಿಸಿ, ಎದೆ ಮುಟ್ಟಿಕೊಂಡು ಹೇಳಿದ: 'ಮಕ್ಕಳೇ, ನಿಮಗೋಸ್ಕರ ಈ ಮಾಮ ಪ್ರಾಣ ಬೇಕಾದ್ರೂ ಕೊಡ್ತಾನೆ.' ಚಪ್ಪಾಳೆ ಬಿತ್ತು. ಮೇಡಂ ಅಳುತ್ತಿದ್ದರು.

ಅವನನ್ನು ಕೊರೆದದ್ದು ಹೆದರಿದ್ದಲ್ಲ. ಹೆದರುವುದು ಎಲ್ಲರ ಸೊತ್ತು. ಹೊರಗಿದ್ದದ್ದು ಷಟರ್ ಅಂತ ಈಗ ಗೊತ್ತು, ನಿಜ; ತಳ್ಳುವಾಗ ಗೊತ್ತಿರಲಿಲ್ಲವಲ್ಲ. ಅವನ ಪಾಲಿಗೆ ಆಗ ಹೊರಗಿದ್ದದ್ದು ಬಾಂಬು. ಆ ಬಾಂಬಿನ ಬಾಯಿಗೆ ಅವನು ಒಂದು ಮಗುವನ್ನು ಎರಡೂ ಕೈಯಿಂದ ಎತ್ತಿ ಹಾಕಿದ್ದ. ಒಂದು ಕೈ ಸಾಕಾಗಿತ್ತು ಅಂತ ಅವನಿಗೆ ಒಮ್ಮೊಮ್ಮೆ ಅನಿಸುತ್ತಿತ್ತು. ಒಂದೇ ಕೈಯಿಂದ ತಳ್ಳಿದ್ದರೆ ಇನ್ನೊಂದು ಕೈಯನ್ನಾದರೂ ತಾನು ಒಳ್ಳೆಯವನು ಅಂತ ಹೇಳಿಕೊಳ್ಳಲು ಉಳಿಸಿಕೊಳ್ಳಬಹುದಿತ್ತು.

"ಏನ್ ಭಾವ, ಇವತ್ತು ಅರ್ಧ ಮುಖದ್ದೇ ಆಟಾನಾ?" ಜಾದೂಗಾರ ಉಗ್ರಾಣದ ಬಾಗಿಲಲ್ಲಿ ನಿಂತಿದ್ದ. ತೋಳಿನೊಳಗಿನಿಂದ ಬೇಯಿಸಿದ ಮೊಟ್ಟೆಯೊಂದನ್ನು ತೆಗೆದು ಸಿಪ್ಪೆ ಸುಲಿಯತೊಡಗಿದ. ಮೊಟ್ಟೆ ಮಾಯ ಮಾಡುವುದರಲ್ಲಿ ಅವನಿಗೆ ಗೊತ್ತಿದ್ದ ಖಾತ್ರಿಯ ವಿದ್ಯೆ ಸುಲಿದು ತಿನ್ನುವುದೊಂದೇ.

"ಮೈ ಸರಿಯಿಲ್ಲ ಕಣೋ."

"ಮೈಗೇನಾಗಿದೆ, ಗುಂಡುಕಲ್ಲಿನ ಹಾಗಿದೀರಿ. ಹೆಸರು ಮಾಡಿದ್ಮೇಲೆ ಎಲ್ರಿಗೂ ಮೈ ಸರಿ ಇರಲ್ಲ. ಅಕ್ಕ ಫೋನು ಮಾಡಿದ್ಳು. ಬೀದಿಯವರಿಗೆಲ್ಲ ಹೇಳ್ಕೊಂಡು ಬಂದಿದಾಳೆ, ನಮ್ಮನೆಯವ್ರು ಭಯಾನ ನಗು ಮಾಡ್ಬಿಟ್ರು ಅಂತ. ನಾನು ಇಷ್ಟು ವರ್ಷ ಕರವಸ್ತ್ರದಿಂದ ಏನೇನೋ ತೆಗ್ದೆ, ಒಬ್ರೂ ಅಳ್ಲಿಲ್ಲ. ನೀವು ಒಂದ್ಸಲ ಮೇಜಿನ ಕೆಳಗೆ ತೂರಿ ಮೇಡಂನ ಅಳಿಸಿದ್ರಿ. ಹೇಗೆ ಮಾಡಿದ್ರಿ ಅಂತ ನನಗಾದ್ರೂ ಹೇಳಿ."

"ಸುಮ್ನೆ ಬಂತು."

"ಎಲ್ಲಾ ದೊಡ್ಡ ಕಲಾವಿದ್ರೂ ಹೀಗೇ ಅನ್ನೋದು," ಅಂದು ಜಾದೂಗಾರ ಮೊಟ್ಟೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ.

ಮೇಡಂ ಬಂದರು. ಅವರು ಒಳ್ಳೆಯವರು. ಒಳ್ಳೆಯತನ ಅವರಲ್ಲಿ ಎಷ್ಟಿತ್ತೆಂದರೆ ಎದುರಿಗಿದ್ದವರ ಮೇಲೆ ಚೆಲ್ಲುತ್ತಿತ್ತು, ಒರೆಸಿಕೊಳ್ಳಲು ಬಿಡುತ್ತಿರಲಿಲ್ಲ. ಆ ದಿನ ರಾಜಧಾನಿಯಿಂದ ದೊಡ್ಡವರೊಬ್ಬರು ಬರುವುದಿತ್ತು. ಶಾಂತಿಯ ವಿಷಯದಲ್ಲಿ ತುಂಬ ಸಭೆಗಳಲ್ಲಿ ಕೂತವರು, ಅವರು ಮೆಚ್ಚಿದರೆ ಕೋಳಿಗಾಡಿ ಇನ್ನಷ್ಟು ದೂರ ಹೋಗಬಹುದು. ಅವರಿಗಾಗಿ ಹೋದ ವಾರದ ಮೇಜಿನ ಆಟವನ್ನು ಇನ್ನೊಮ್ಮೆ ಮಾಡಬೇಕು. "ಷಟರ್ ಬೀಳ್ಸೋಕೆ ಕಾವಲುಗಾರನಿಗೆ ಹೇಳಿದೀನಿ. ನಾನು ಕರವಸ್ತ್ರ ಬೀಸ್ತೀನಿ, ಅವನು ಬಿಡ್ತಾನೆ, ನೀವು ಒಳಗೆ ಹೋಗ್ತೀರಿ. ಅತಿಥಿಗಳಿಗೆ ಏನೂ ಹೇಳಿಲ್ಲ, ಸಹಜವಾಗಿರ್ಲಿ. ನೀವೂ ಅಷ್ಟೆ, ಹೋದ ಸಲ ಎಷ್ಟು ಸಹಜವಾಗಿತ್ತು."

"ಮೇಡಂ, ಅದು ಮತ್ತೆ ಬರುತ್ತೋ ಇಲ್ವೋ."

"ಯಾಕೆ ಬರಲ್ಲ. ಭಯ ನಿಮ್ಮೊಳಗೇ ಇದೆ, ಅದನ್ನ ಹುಡ್ಕಿ."

ಅವನಿಗೆ ಹುಡುಕುವ ಕಷ್ಟವೇನೂ ಇರಲಿಲ್ಲ. ಅದು ಎದೆಯ ಹಾಸಿಗೆಯಲ್ಲೇ ಕಾಲು ಚಾಚಿ ಮಲಗಿತ್ತು. ಆದರೆ ಆ ಭಯ ಷಟರಿನದಲ್ಲ. ಇಲಿಮರಿ ಬಾಯಿ ಬಿಟ್ಟರೆ ಎಂಬ ಭಯ. ಮೈಕು ಇರುತ್ತದೆ, ಅತಿಥಿ ಇರುತ್ತಾರೆ, ಮೇಡಂ ಇರುತ್ತಾರೆ. ಆ ಹುಡುಗಿ ಎದ್ದು, ಈ ಮಾಮ ಆವತ್ತು ಆಟ ಆಡ್ತಿರ್ಲಿಲ್ಲ, ನಿಜವಾಗ್ಲೂ ನನ್ನ ಸಾಯೋಕೆ ತಳ್ಳಿದ್ರು, ಅಂದರೆ ಮುಗಿಯಿತು. ಮಕ್ಕಳ ಮುಂದೆ ಬೀಳುವುದೊಂದೇ ಗೊತ್ತಿದ್ದ ಮನುಷ್ಯ ಅವರ ಕಣ್ಣಿನಿಂದ ಬಿದ್ದ ಮೇಲೆ ಎಲ್ಲಿ ಹೋಗಿ ಬೀಳುವುದು. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಒಮ್ಮೆ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದಾಗ ತಟ್ಟೆ ಹಿಡಿದು ಬಿದ್ದಿದ್ದ. ಗಿರಾಕಿಗಳು ನಕ್ಕರು, ಮಾಲೀಕ ನಗಲಿಲ್ಲ, ಕಸುಬು ಶುರುವಾದದ್ದೇ ಹಾಗೆ.

ಮೇಡಂ ಹೋದ ಮೇಲೆ ಅವನು ಬಾಗಿಲು ಮುಂದೆ ಮಾಡಿ ಕನ್ನಡಿಯ ಎದುರು ಅಭ್ಯಾಸ ಮಾಡಿದ. ಕಣ್ಣು ಅರಳಿಸಿದ, ಬಾಯಿಗೆ ಕೈ ಅಡ್ಡ ಹಿಡಿದ, 'ಅಯ್ಯೋ' ಅಂದ. ಕನ್ನಡಿಯಲ್ಲಿ ಬಸ್ಸು ತಪ್ಪಿಸಿಕೊಂಡ ಗುಮಾಸ್ತನೊಬ್ಬ ಕಾಣಿಸಿದ. ಇನ್ನೊಮ್ಮೆ ಮಾಡಿದ. ಕಿಟಕಿಯಿಂದ ಕಿಸಕ್ಕೆಂದಿತು. ಸರಳುಗಳಿಗೆ ಮಕ್ಕಳ ಮುಖಗಳು ಬಟ್ಟೆ ಒಣಹಾಕಿದ ಹಾಗೆ ತೂಗಿಕೊಂಡಿದ್ದವು.

"ಮಾಮ, ಕೈ ಬಾಯಿಗಲ್ಲ, ಕಿವಿಗೆ."

"ಬಾಯಿ ತೆಗೆದೇ ಇಡ್ಬೇಕು ಮಾಮ, ಇಲ್ಲಾಂದ್ರೆ ಕಿವಿ ಒಡೆದೋಗುತ್ತೆ."

"ಅಯ್ಯೋ ಅನ್ಬಾರ್ದು. ಯಾರೂ ಅಯ್ಯೋ ಅನ್ನಲ್ಲ. ನಮ್ಮಜ್ಜಿ ಒಬ್ಳೇ ಅಂದಿದ್ದು, ಅದೂ ಚಪ್ಪಲಿ ಸಿಕ್ಲಿಲ್ಲ ಅಂತ."

"ಹೋದ್ಸಲ ಎಷ್ಟು ಚೆನ್ನಾಗಿ ಮಾಡಿದ್ರಿ ಮಾಮ, ಈಗ ಮರ್ತೋಯ್ತಾ?"

ಬೇಡವೆಂದರೂ ಅವರು ಕಲಿಸಿದರು. ಹೊಟ್ಟೆಯ ಮೇಲೆ ಮಲಗುವುದು ಹೇಗೆ, ಮೊಣಕೈ ಊರಿ ಎದೆಯನ್ನು ನೆಲದಿಂದ ಒಂದಿಷ್ಟು ಎತ್ತಿ ಇಡುವುದು ಹೇಗೆ, ಗಾಜಿರುವ ಕಡೆಗೆ ಬೆನ್ನು ಮಾಡುವುದು ಹೇಗೆ. ಬೇರೆ ಮಕ್ಕಳು ಕುಂಟೆಬಿಲ್ಲೆಯ ನಿಯಮ ಹೇಳುವ ಹಾಗೆ, ಒಬ್ಬರ ಮಾತನ್ನೊಬ್ಬರು ತುಂಡರಿಸಿ, ಜಗಳವಾಡಿಕೊಂಡು ಹೇಳಿದರು. ಒಬ್ಬ ಅಂಗಳದಲ್ಲೇ ಮಲಗಿ ತೋರಿಸಿದ. ಕೋಡಂಗಿ ಸರಳು ಹಿಡಿದು ನೋಡುತ್ತಿದ್ದ. ನಗಬೇಕೋ ಬೇಡವೋ ತಿಳಿಯದೆ ಅವನ ಬಳಿದ ಅರ್ಧ ನಕ್ಕಿತು, ಇನ್ನೊಂದು ಅರ್ಧ ಸುಮ್ಮನಿತ್ತು. ಅಂಗಳದ ಇನ್ನೊಂದು ಮೂಲೆಯಲ್ಲಿ ಆ ವಾರ ಹೊಸದಾಗಿ ಹುಟ್ಟಿದ ಕೋಡಂಗಿಯಾಟ ನಡೆದಿತ್ತು. ಒಂದು ಬೆಂಚಿನ ಕೆಳಗೆ ಒಬ್ಬರು, ನುಗ್ಗುವವರು ಒಬ್ಬರು, ಒಳಗಿದ್ದವರನ್ನು ತಳ್ಳುವುದು, ಎಲ್ಲರೂ ನಗುವುದು. ಸರದಿಗಾಗಿ ಸಾಲು ನಿಂತಿದ್ದರು. ತಾನು ಹೊರಟುಹೋದ ಮೇಲೂ ಈ ಆಟ ಇಲ್ಲಿ ಉಳಿಯುತ್ತದೆ, ದೊಡ್ಡವರಾಗಿ ತಮ್ಮ ಮಕ್ಕಳಿಗೂ ಕಲಿಸುತ್ತಾರೆ ಅನಿಸಿ ಅವನಿಗೆ ಬೆವರಿಳಿಯಿತು. ಬೆವರಿಗೆ ಬಿಳಿ ಕರಗಿ ಗದ್ದದವರೆಗೆ ಬಂತು.

"ನಾನು ಒಳಗೆ ಬರ್ಲಾ?"

ಇಲಿಮರಿ ಬಾಗಿಲು ತಳ್ಳಿಕೊಂಡು ಬಂದೇ ಕೇಳಿತು. ಡ್ರಮ್ಮಿನ ಪಕ್ಕ ಕೂತು, ಮಂಡಿಯ ಹಕ್ಕಳೆಯನ್ನು ಉಗುರಿನಿಂದ ಒಂದು ಕಡೆಯಿಂದ ಎಬ್ಬಿಸತೊಡಗಿತು. ಆ ಮಂಡಿ ಬಿಟ್ಟು ಬೇರೆ ಏನೂ ಕೋಡಂಗಿಗೆ ಕಾಣಿಸಲಿಲ್ಲ.

"ನೋವಿದೆಯಾ?"

"ಹೂಂ."

"ಯಾರ್ಗಾದ್ರೂ ಹೇಳಿದ್ಯಾ?"

"ಏನನ್ನ?"

"ಅದೇ, ಆವತ್ತಿಂದು."

"ಆವತ್ತಿಂದು ಏನು?" ಹುಡುಗಿ ತಲೆಯೆತ್ತಿತು. ಸಹಾಯ ಮಾಡುವ ಯಾವ ಉದ್ದೇಶವೂ ಆ ಮುಖದಲ್ಲಿರಲಿಲ್ಲ. "ನನಗೇನೂ ಗೊತ್ತಿಲ್ಲಪ್ಪ. ನೀವೇ ಹೇಳಿ."

ಅವನು ಜೇಬಿನಿಂದ ಒಂದು ಪೆಪ್ಪರಮೆಂಟು ತೆಗೆದು ಚಾಚಿದ. ತನ್ನ ಕೈ ಚಾಚಿದ ರೀತಿ ನೋಡಿ ಅವನಿಗೇ ನಾಚಿಕೆಯಾಯಿತು. ಪೋಲೀಸಿನವನಿಗೆ ಕೊಡುವಾಗ ಕೈ ಹಾಗೆ ಚಾಚುತ್ತದೆ, ಅಂಗೈ ಕೆಳಮುಖವಾಗಿ. ಇಲಿಮರಿ ಪೆಪ್ಪರಮೆಂಟನ್ನು ತೆಗೆದುಕೊಂಡು, ಕಾಗದ ಬಿಚ್ಚಿ, ಬಾಯಿಗೆ ಹಾಕಿಕೊಂಡು, ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸಿ ಹೇಳಿತು: "ಇದು ಸಾಕಾಗಲ್ಲ. ಇವತ್ತು ನಾನು ಮೊದ್ಲೇ ಒಳಗಿರ್ತೀನಿ. ನೀವು ಬರ್ಬೇಕು. ಈ ಸಲ ನಾನು ತಳ್ಳೋದು."

"ಆಯ್ತು."

"ಜೋರಾಗಿ ತಳ್ತೀನಿ."

"ಆಯ್ತಮ್ಮ."

"ಅತ್ರೆ ನಾನು ಕೇಳಲ್ಲ," ಅಂದು ಎದ್ದು ಹೋಯಿತು.

ಅತಿಥಿಗಳು ತಡವಾಗಿ ಬಂದರು. ಎತ್ತರದ ಆಳು, ಹೊಳೆಯುವ ಬೂಟು, ಗಂಟಲಿನಲ್ಲಿ ಮೈಕು ಹುಟ್ಟಿನಿಂದಲೇ ಇದ್ದಂಥ ದನಿ. ಯುದ್ಧದಲ್ಲಿ ನೊಂದವರಿಗಾಗಿ ಒಂದು ನಿಮಿಷ ಮೌನವಾಗಿರೋಣ ಅಂದರು. ದೊಡ್ಡವರ ಮೌನದಲ್ಲಿ ಕೆಮ್ಮು ಇರುತ್ತದೆ, ಕುರ್ಚಿ ಕಿರುಗುಟ್ಟುತ್ತದೆ, ಗಡಿಯಾರ ನೋಡಿಕೊಳ್ಳುತ್ತಾರೆ. ಆ ಮಕ್ಕಳು ಸುಮ್ಮನಾದರೆಂದರೆ ಸುಮ್ಮನಾದರು. ಉಸಿರಾಟವೂ ಕೇಳಿಸಲಿಲ್ಲ. ಎದುರಿಗೆ ಕೂತ ಇಡೀ ಹಿಂಡು ಇದ್ದ ಹಾಗೇ ಇಲ್ಲವಾಯಿತು. ಅತಿಥಿಗಳು ಒಂದು ಕಣ್ಣು ತೆರೆದು ಮಕ್ಕಳಿದ್ದಾರೆಯೇ ಅಂತ ನೋಡಿಕೊಂಡು, ನಿಮಿಷ ಮುಗಿಯುವ ಎಷ್ಟೋ ಮೊದಲೇ ಧನ್ಯವಾದ ಹೇಳಿಬಿಟ್ಟರು. ಆಮೇಲೆ ಭಾಷಣ. 'ಮಕ್ಕಳೇ ನಮ್ಮ ಭವಿಷ್ಯ' ಅಂದರು, 'ನಿಮ್ಮ ಮತ್ತು ಬಾಂಬುಗಳ ನಡುವೆ ನಾವು ನಿಂತಿದ್ದೇವೆ' ಅಂದರು. ಪರದೆಯ ಹಿಂದೆ ನಿಂತಿದ್ದ ಕೋಡಂಗಿಗೆ ಆ ಮಾತು ತನ್ನ ಬಾಯಿಂದಲೇ ಬಂದ ಹಾಗೆ ಕೇಳಿ ಕೆನ್ನೆ ಬಿಸಿಯಾಯಿತು. ಮುಂದಿನ ಸಾಲಿನಲ್ಲಿ ಒಬ್ಬ ಪುಟ್ಟ ಹುಡುಗ ಮೂಗಿನಲ್ಲಿ ಬೆರಳಿಟ್ಟುಕೊಂಡು, ಭಾಷಣ ಸಾಗಿದಷ್ಟೂ ಆಳಕ್ಕೆ ಹೋಗುತ್ತಿದ್ದ.

ಆಟ ಶುರುವಾಯಿತು. ಜಾದೂಗಾರ ಮೊಟ್ಟೆ ಮಾಯ ಮಾಡಿದ. ಕೋಡಂಗಿ ಏಣಿ ಹೊತ್ತು ಬಂದು, ನಿಲ್ಲಿಸಿ, ಹತ್ತಿದ. ಮೇಡಂ ಕರವಸ್ತ್ರ ಬೀಸಿದರು. ಏನೂ ಆಗಲಿಲ್ಲ. ಕೋಡಂಗಿ ಏಣಿಯ ಇನ್ನೊಂದು ಮೆಟ್ಟಿಲು ಹತ್ತಿದ. ಮೇಡಂ ಇನ್ನೊಮ್ಮೆ ಬೀಸಿದರು, ರೈಲಿನಲ್ಲಿ ಹೊರಟವರನ್ನು ಬೀಳ್ಕೊಡುವ ಹಾಗೆ. ಕಾವಲುಗಾರ ಸಿಗರೇಟು ಸೇದಲು ಹೋಗಿದ್ದ ಅಂತ ಆಮೇಲೆ ಗೊತ್ತಾಯಿತು. ಆಗ ಗೊತ್ತಿದ್ದದ್ದು ಇಷ್ಟೇ: ಸದ್ದು ಬರುತ್ತದೆ, ಇನ್ನೂ ಬಂದಿಲ್ಲ. ಕೋಡಂಗಿಯ ಭುಜಗಳು ತಾವಾಗಿಯೇ ಕಿವಿಯ ಹತ್ತಿರ ಬಂದು ನಿಂತವು. ಈಗ. ಈಗಲ್ಲ. ಈಗ. ಬರಲಿರುವುದು ಬರಿಯ ತಗಡು, ಅದು ಅವನಿಗೂ ಗೊತ್ತು, ಅವನ ಮೊಣಕಾಲಿಗೆ ಗೊತ್ತಿರಲಿಲ್ಲ. ಈ ಮಕ್ಕಳು ಹೀಗೆ ಎಷ್ಟು ದಿನ ಕೂತಿದ್ದರೋ, ಊಟದ ಮುಂದೆ, ಪಾಠದ ಮುಂದೆ, ಭುಜ ಕಿವಿಗಿಟ್ಟುಕೊಂಡು, ಅಂತ ಒಂದು ಯೋಚನೆ ತಲೆಯೊಳಗೆ ಬಂದು, ಕೂರಲು ಜಾಗವಿಲ್ಲದೆ ಎದ್ದು ಹೋಯಿತು. ಮಕ್ಕಳು ನಗತೊಡಗಿದ್ದರು. ಇದು ಹೋದ ವಾರದ ನಗುವಲ್ಲ, ಗುರುತು ಸಿಕ್ಕಿದವರ ನಗು. ಒಬ್ಬ ಕೂಗಿದ: "ಮಾಮ, ಈಗ ಸರಿಯಾಗಿ ಮಾಡ್ತಿದೀರಿ." ಕೊನೆಗೆ ಕಾಯುವುದನ್ನು ತಡೆಯಲಾಗದೆ ಅವನು ಯಾವ ಸದ್ದೂ ಇಲ್ಲದೆ ಏಣಿಯಿಂದ ಹಾರಿ ಮೇಜಿನ ಕೆಳಗೆ ನುಗ್ಗಿದ.

ಒಳಗೆ ಕತ್ತಲು, ಸೋಪಿನ ವಾಸನೆ, ಪೆಪ್ಪರಮೆಂಟಿನ ವಾಸನೆ. ಇಲಿಮರಿ ಕೊಳವೆಗೆ ಬೆನ್ನು ಕೊಟ್ಟು, ಎರಡೂ ಕಾಲನ್ನು ಒದೆಯಲು ಮಡಿಸಿಕೊಂಡು ಕೂತಿತ್ತು. ಆದರೆ ಒದೆಯಲಿಲ್ಲ.

"ಆವತ್ತು ನಿಜವಾಗ್ಲೂ ಹೆದರಿದ್ರಿ ಅಲ್ವಾ?"

ಮೂರು ಬದಿಗೆ ತಗಡು. ಹಿಂದೆ ನಗು. ಬೇರೆ ದಾರಿಯಿರಲಿಲ್ಲ. "ಹೂಂ," ಅಂದ.

"ನಾನಿದೀನಿ ಅಂತ ಗೊತ್ತಿತ್ತಾ?"

"ಯಾರೋ ಇದಾರೆ ಅಂತ ಗೊತ್ತಿತ್ತು." ಅಲ್ಲಿಗೇ ಬಿಡಲಾಗದೆ ಸೇರಿಸಿದ: "ಚಿಕ್ಕದು ಅಂತಾನೂ ಗೊತ್ತಿತ್ತು."

ಹುಡುಗಿ ಅದನ್ನು ಪೆಪ್ಪರಮೆಂಟಿನ ಹಾಗೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸಾಗಿಸಿದಂತಿತ್ತು. "ನಾನೂ ಹಾಗೇ ಮಾಡಿದ್ದೆ," ಅಂದಿತು. "ನಮ್ಮನೇಲಿ ಮಂಚದ ಕೆಳಗೆ. ಪೆಟ್ಟಿಗೆ ಇತ್ತು, ಜಾಗ ಇರ್ಲಿಲ್ಲ. ತಮ್ಮನ್ನ ತಳ್ಬಿಟ್ಟೆ."

ಕೋಡಂಗಿಯ ಬಾಯಿ ತಾನಾಗಿಯೇ ತೆರೆದುಕೊಂಡಿತು. ತಮ್ಮ ಎಲ್ಲಿ ಅಂತ ಕೇಳುವ ಮೊದಲೇ ಹುಡುಗಿ ಮುಂದುವರಿಸಿತು.

"ಅವನಿಗೇನಾಗಿದೆ, ದರಿದ್ರದವನು. ಅಲ್ನೋಡಿ, ಮುಂದಿನ ಸಾಲಲ್ಲಿ ಮೂಗಲ್ಲಿ ಬೆರಳು ಹಾಕ್ಕೊಂಡು ಕೂತಿದಾನೆ. ಬಾಂಬು ಪಕ್ಕದ ಬೀದಿಗೆ ಬಿತ್ತು. ಆದ್ರೆ ಅವನು ಮರ್ತಿಲ್ಲ. ದಿನಾ ಸಂಜೆ ನನ್ನ ಹಾಲು ಕುಡೀತಾನೆ. ಕೊಡಲ್ಲ ಅಂದ್ರೆ ಎಲ್ರಿಗೂ ಹೇಳ್ತೀನಿ ಅಂತಾನೆ." ಮೂಗು ಏರಿಸಿತು. "ನೀವು ಯಾರ್ಗೂ ಹೇಳ್ಬೇಡಿ. ನಾನೂ ಹೇಳಲ್ಲ."

ಕೋಡಂಗಿ ಆಗಲಿ ಅನ್ನಲು ತಲೆಯಾಡಿಸಿದ. ತಲೆ ಮೇಲೆತ್ತುವಷ್ಟರಲ್ಲಿ ಎರಡು ಪುಟ್ಟ ಪಾದಗಳು ಅವನ ಹೊಟ್ಟೆಗೆ ಅಪ್ಪಳಿಸಿದವು. ಅವನು ಬೂಟಿನ ಸಮೇತ ಹೊರಗೆ ಬಂದು ಬಿದ್ದ. ಇಪ್ಪತ್ತು ವರ್ಷದ ಕಸುಬಿನಲ್ಲಿ ಅಷ್ಟು ಚೆನ್ನಾಗಿ ಬಿದ್ದಿರಲಿಲ್ಲ. ಕ್ಯಾಂಟೀನು ಬಿರಿಯುವ ಹಾಗೆ ನಕ್ಕಿತು. ಅವನು ಬಗ್ಗಿ ಮತ್ತೆ ಒಳಗೆ ನುಗ್ಗಿದ. ಮತ್ತೆ ಹೊರಗೆ ಬಂದ. ಮೂರನೆಯ ಸಲ ಒಳಗಿನಿಂದ ದನಿ ಬಂತು: "ಮಾಮಂಗೆ ಜಾಗ ಇಲ್ಲ. ಮಕ್ಕಳು ಮಾತ್ರ." ಅಷ್ಟೇ ಸಾಕಾಯಿತು. ಮುಂದಿನ ಸಾಲು ಎದ್ದಿತು, ಅದರ ಹಿಂದಿನದು ಎದ್ದಿತು, ಮಕ್ಕಳು ಕೂಗುತ್ತ, ತೆವಳುತ್ತ, ಒಬ್ಬರ ಕಾಲು ಇನ್ನೊಬ್ಬರು ಹಿಡಿದೆಳೆಯುತ್ತ ಮೇಜಿನ ಬಾಯೊಳಗೆ ಹೋದರು. ಆ ಮೇಜಿನ ಕೆಳಗೆ ಹತ್ತು ಮಕ್ಕಳು ಹಿಡಿಸಿದರೆ ಹೆಚ್ಚು ಅಂತ ಅಳತೆ ಬಲ್ಲವರು ಹೇಳಿಯಾರು. ಇಡೀ ಶಿಬಿರ ಹೋಯಿತು. ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ದೊಡ್ಡ ಹುಡುಗಿಯರು ಕೈ ಒರೆಸಿಕೊಂಡು ಬಂದು ಹೋದರು. ಜ್ವರ ಬಂದು ಮಲಗಿದ್ದ ಒಬ್ಬ ಕಂಬಳಿ ಸಮೇತ ಹೋದ. ಒಂದು ನಾಯಿಯೂ ಹೋಯಿತು. ತಗಡು ಉಬ್ಬಿದ್ದನ್ನು ನಾನೇ ಕಂಡಿದ್ದೇನೆ.

ಕೊನೆಗೆ ಕ್ಯಾಂಟೀನಿನಲ್ಲಿ ಉಳಿದ ಒಂದೇ ಮಗು ಮೂಗಿನಲ್ಲಿ ಬೆರಳಿಟ್ಟುಕೊಂಡವನು. ಎದ್ದು ಬಂದು ಮೇಜಿನ ಬಾಯಿಗೆ ಸ್ವಲ್ಪ ದೂರದಲ್ಲಿ ನಿಂತ. ಇನ್ನೂ ಮುಂದೆ ಬರಲಿಲ್ಲ. ಕತ್ತಲಿನಿಂದ ಇಲಿಮರಿಯ ಕೈ ಹೊರಗೆ ಬಂತು.

"ಬಾರೋ."

"ತಳ್ತೀಯ."

"ತಳ್ಳಲ್ಲ ಬಾ."

"ಹಾಲು?"

"ಹಾಲು ನಾಳೆಯಿಂದ ನಂದು ನನಗೆ. ಬರೋದಾದ್ರೆ ಬಾ, ಇಲ್ಲಾಂದ್ರೆ ಬಿಡು."

ಹುಡುಗ ತುಂಬ ಹೊತ್ತು ಯೋಚಿಸಿದ. ಹಾಲು ದೊಡ್ಡ ವಿಷಯ. ಆಮೇಲೆ ಮೂಗಿನಿಂದ ಬೆರಳು ತೆಗೆದು ಆ ಕೈಯನ್ನೇ ಅಕ್ಕನಿಗೆ ಕೊಟ್ಟ. 'ಥೂ' ಅಂದರೂ ಇಲಿಮರಿ ಬಿಡದೆ ಎಳೆದುಕೊಂಡಿತು.

ಮೇಜಿನ ಹೊರಗೆ ದೊಡ್ಡವರಷ್ಟೇ ಉಳಿದಿದ್ದರು. ಮೇಡಂ ಕರವಸ್ತ್ರ ಹಿಡಿದು ನಿಂತಿದ್ದರು. ಜಾದೂಗಾರ, ಇಡೀ ಸಭೆಯೇ ಮಾಯವಾದದ್ದರ ಗುಟ್ಟು ತನಗೆ ತಿಳಿಯದ ಹೊಟ್ಟೆಕಿಚ್ಚಿನಲ್ಲಿ ನಿಂತಿದ್ದ. ಅತಿಥಿಗಳು ಖಾಲಿ ಚಾಪೆಗಳ ಮುಂದೆ ಕುರ್ಚಿಯಲ್ಲಿ ಕೂತು, ಇದಕ್ಕೆ ಚಪ್ಪಾಳೆ ತಟ್ಟಬೇಕೋ ಬೇಡವೋ ಅಂತ ಅತ್ತಿತ್ತ ನೋಡುತ್ತಿದ್ದರು. ಕೋಡಂಗಿ ಮೇಜಿನ ಬಾಯಿಗೆ ಬೆನ್ನು ಮಾಡಿ ನಿಂತಿದ್ದ. ಮುಂದೇನು ಮಾಡಬೇಕು ಅಂತ ಅವನಿಗೆ ಯಾರೂ ಬರೆದುಕೊಟ್ಟಿರಲಿಲ್ಲ.

ಆಗ ಕಾವಲುಗಾರ ಸಿಗರೇಟು ಮುಗಿಸಿ ಬಂದು ಷಟರ್ ಬಿಟ್ಟ.

ಹೋದ ವಾರಕ್ಕಿಂತ ಜೋರಾಗಿತ್ತು. ಕೋಡಂಗಿಯ ಮೈಯೊಳಗಿನ ಎಲ್ಲ ಮೂಳೆಗಳೂ ಒಳಗೆ ಹೋಗು ಅಂದವು. ಅವನು ತಿರುಗಿದ್ದೂ ನಿಜ. ತಿರುಗಿದಾಗ ಕಂಡದ್ದು ಮಕ್ಕಳ ಮುಖಗಳಲ್ಲ, ಅವನನ್ನು ದಾಟಿ ಬರುತ್ತಿದ್ದ ಒಂದು ಜೊತೆ ಹೊಳೆಯುವ ಬೂಟು. ಅತಿಥಿಗಳು ಕುರ್ಚಿ ಒದ್ದು, ಮೈಕಿನ ಕಂಬ ಕೆಡವಿ, ನಾಲ್ಕೂ ಕೈಕಾಲುಗಳ ಮೇಲೆ ಮೇಜಿನ ಕಡೆಗೆ ಬರುತ್ತಿದ್ದರು. ಆ ಮುಖ ಕೋಡಂಗಿಗೆ ಗೊತ್ತಿತ್ತು. ಇಡೀ ವಾರ ಕನ್ನಡಿಯಲ್ಲಿ, ಆ ಬೆಳಿಗ್ಗೆ ಬಣ್ಣ ಬಳಿಯದೆ ಬಿಟ್ಟ ಅರ್ಧದಲ್ಲಿ, ಅದನ್ನೇ ನೋಡಿದ್ದ. ಅವರ ಎರಡೂ ಕೈ ಮುಂದಕ್ಕೆ ಚಾಚಿ, ಒಳಗಿನ ಯಾವುದೋ ಪುಟ್ಟ ಕಾಲನ್ನು ಹಿಡಿದವು. ಕೋಡಂಗಿ ಯೋಚಿಸಲಿಲ್ಲ. ಯೋಚಿಸಿದ್ದರೆ ಹೆದರುತ್ತಿದ್ದ. ಅವನು ಬಿದ್ದ. ಗೊತ್ತಿದ್ದ ಒಂದೇ ಕೆಲಸ ಮಾಡಿದ; ಮೇಜಿನ ಬಾಯಿಗೆ ಅಡ್ಡವಾಗಿ, ಅತಿಥಿಗಳ ಮುಂದೆ, ಹೊಟ್ಟೆಯ ಸಮೇತ, ಮೂಟೆ ಇಳಿಸಿದ ಹಾಗೆ ಬಿದ್ದ. ಆ ಹೊಟ್ಟೆ ಬಾಗಿಲಿಗೆ ಸರಿಯಾಗಿ ಕೂತಿತು.

"ಜಾಗ ಇಲ್ಲ ಸಾರ್," ಅಂದ.

"ಸರೀರಿ," ಅಂದರು ಅತಿಥಿಗಳು. ದನಿಯಲ್ಲಿ ಮೈಕು ಇರಲಿಲ್ಲ. "ಸರೀರಿ, ಸ್ವಲ್ಪ ಸರೀರಿ."

"ಮಕ್ಕಳು ಮಾತ್ರ ಸಾರ್. ಕಾಲು ಬಿಡಿ. ಅದು ಮಗುದು."

ಷಟರ್ ಅಂತ ಯಾರೋ ಹೇಳಿದರು. ಅತಿಥಿಗಳು ಹಿಡಿದ ಕಾಲನ್ನು ನೋಡಿದರು, ಬಿಟ್ಟರು. ಮಂಡಿಗೆ ಮೆತ್ತಿದ ಸೋಪಿನ ಪುಡಿ ಕೊಡವುತ್ತ ಎದ್ದರು. ಬಿದ್ದ ಮೈಕನ್ನು ಎತ್ತಿಕೊಳ್ಳುವಷ್ಟರಲ್ಲಿ ದನಿ ವಾಪಸು ಬಂದಿತ್ತು. "ಮಕ್ಕಳ ಜೊತೆ ನಾನೂ ಒಂದು ಕ್ಷಣ ಮಗುವಾದೆ," ಅಂದರು. ಮೇಡಂ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಜಾದೂಗಾರನೂ ತಟ್ಟಿದ. ಎಷ್ಟು ಸಹಜವಾಗಿ ಮಾಡಿದಿರಿ, ಅಂದರು ಮೇಡಂ. ಅತಿಥಿಗಳು ಕೋಡಂಗಿಯ ಕಡೆ ಒಮ್ಮೆ ನೋಡಿ ಬೇಗ ಕಣ್ಣು ತೆಗೆದರು. ಕೋಡಂಗಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಪಾಪ, ಇನ್ನು ಒಂದು ವಾರ ಇವರಿಗೆ ಕನ್ನಡಿಯ ಕಷ್ಟ, ಅನಿಸಿತು. ಯಾರಿಗೂ ಹೇಳುವುದು ಬೇಡ ಅಂದುಕೊಂಡ. ಅವನಿಗೆ ಎದ್ದೇಳಲು ಆಗುತ್ತಿರಲಿಲ್ಲ. ಬೂಟುಗಳು ಇನ್ನೂ ನೆಲಕ್ಕೆ ಟಪಟಪ ಬಡಿಯುತ್ತಿದ್ದವು.

ಬೆನ್ನಿನ ಹಿಂದೆ ಕತ್ತಲಲ್ಲಿ ಪಿಸುಮಾತು ನಡೆಯಿತು. ಒಬ್ಬರು ಬೇಡ ಅಂದರು, ಇನ್ನೊಬ್ಬರು ಮಾಮ ದಪ್ಪ ಇದಾರೆ ಅಂದರು, ಮೂಗು ಕಟ್ಟಿದ ಒಂದು ದನಿ ನನಗೆ ಪೆಪ್ಪರಮೆಂಟು ಕೊಟ್ರೆ ಆಗ್ಬಹುದು ಅಂದಿತು. ಆಮೇಲೆ ಒಳಗಡೆ ಎಲ್ಲರೂ ಉಸಿರೆಳೆದುಕೊಂಡು ಸರಿದ ಸದ್ದು. ಯಾರೋ ಅವನ ಅಂಗಿಯ ತುದಿ ಹಿಡಿದು ಎಳೆದರು. ಅವನು ಹಿಂದುಹಿಂದಕ್ಕೆ ತೆವಳಿ ಹೋದ. ಅವನೂ ಹಿಡಿಸಿದ.

ನೀವು ನಂಬಿಲ್ಲ, ನನಗೆ ಗೊತ್ತು. ಅಷ್ಟು ಜನ, ನಾಯಿ ಬೇರೆ, ಮೇಲೆ ಆ ಹೊಟ್ಟೆ, ಒಂದು ಮೇಜಿನ ಕೆಳಗೆ ಹೇಗೆ ಹಿಡಿಸುತ್ತಾರೆ ಅಂತ ನಿಮ್ಮ ಮುಖದಲ್ಲೇ ಬರೆದಿದೆ. ವಾದ ಬೇಡ. ಏಳಿ, ಈ ನಿಮ್ಮ ಮೇಜನ್ನೇ ನೋಡೋಣ, ಅದರ ಕೆಳಗೆ ಒಮ್ಮೆ ಹೋಗಿ ಕೂತುಕೊಳ್ಳಿ. ಕೂತಿರಾ? ಹಾಗೇ ಸ್ವಲ್ಪ ಆ ಕಡೆ ಸರಿಯಿರಿ. ಇನ್ನೂ ಸ್ವಲ್ಪ. ನಾನು ಒಬ್ಬನೇ ಬಂದಿಲ್ಲ.